ಮೆಲ್ಲಗೆ ತಟ್ಟಿದ ಕೈ

ಗಟ್ಟಿ ಹಿಮವನ್ನು ಕಂಬದಂತೆ ಕಡಿದು ನಿಲ್ಲಿಸಿ, ಅದರ ತಲೆಯ ಮೇಲೆ ಸಲಿಕೆ ಮಲಗಿಸಿಟ್ಟು, ಕೈ ಎತ್ತಿದ ಶಾಮಲಾ ಹಾಗೆಯೇ ನಿಂತಳು. ಹಿಮಕುಸಿತದ ಎಚ್ಚರಿಕೆ ಕೊಡುವುದು ಅವಳ ಕೆಲಸ. ಸಲಿಕೆಯ ಮೇಲೆ ಮೊದಲು ಮಣಿಕಟ್ಟನ್ನಷ್ಟೇ ಆಡಿಸಿ ಕೈಯಿಂದ ಬಡಿಯಬೇಕು, ಆಮೇಲೆ ಮೊಣಕೈಯಿಂದ ಬೀಸಿ, ಕೊನೆಗೆ ಭುಜದಿಂದ ಬೀಸಿ. ಅಷ್ಟಕ್ಕೂ ಕಂಬ ಜಗ್ಗದಿದ್ದರೆ ಕೆಳಗಿನ ಜಾರುದಾರಿ ತೆರೆಯಬಹುದು. ನಡುವೆ ಕಂಬದ ಪದರ ಜಾರಿತೋ, ದಾರಿ ತೆರೆದರೆ ಇಡೀ ಇಳಿಜಾರೇ ಜನರ ಮೈಮೇಲೆ ಬಂದೀತು.

"ಇವತ್ತಾದ್ರೂ ಓಪನ್ ಮಾಡ್ಸಿ ಅಕ್ಕಾ," ಎಂದ ಬೆನ್ನಹಿಂದೆ ನಿಂತಿದ್ದ ಕಶ್ಯಪ್. ಸ್ಟುಟ್‌ಗಾರ್ಟ್‌ನಿಂದ ಕನ್ನಡದವರ ಬಸ್ಸು ಹೊರಡಿಸಿಕೊಂಡು ಬಂದವನು ಅವನೇ. "ಮಕ್ಳೆಲ್ಲ ಕೆಳ್ಗೆ ಬಸ್ ನಿಲ್ಸಿರೋ ಪಾರ್ಕ್‌ಪ್ಲಾಟ್ಸ್‌ನಲ್ಲಿ ಸ್ಲೆಡ್ ಹಿಡ್ಕೊಂಡು ಕಾಯ್ತಿವೆ. ಹೋದ್ ತಿಂಗ್ಳೂ ಬೇಡ ಅಂದ್ರಿ."

ಬೇಡ. ನವೆಂಬರಿನಿಂದ ಅವಳ ಬಾಯಲ್ಲಿ ಬೇರೆ ಮಾತೇ ಬಂದಿರಲಿಲ್ಲ. ಹೋಟೆಲಿನವರಿಗೆ ಬೇಡ, ಬೆಟ್ಟ ಹತ್ತಿಸುವ ಲಿಫ್ಟಿನವರಿಗೆ ಬೇಡ, ಈಗ ನಮ್ಮವರಿಗೂ ಬೇಡ. ಹೇಳಿ ಹೇಳಿ ಸಾಕಾಗಿ ಹೋಗಿತ್ತು. ಒಂದೇ ಒಂದು ಸಲ 'ಹೋಗಿ, ಆಡ್ಕೊಳ್ಳಿ' ಎನ್ನಬೇಕೆಂದು ಜೀವ ಹಂಬಲಿಸಿತು. ಯಾರಿಗೆ ಗೊತ್ತಾಗುತ್ತದೆ? ಅವಳು ಬಡಿಯಲಿಲ್ಲ. ಮಗುವನ್ನು ಮಲಗಿಸುವವಳಂತೆ ಬೆರಳ ತುದಿಯಿಂದ ಸಲಿಕೆಯನ್ನು ಮೆಲ್ಲಗೆ ತಟ್ಟಿದಳು. ಮತ್ತೆ ತಟ್ಟಿದಳು.

ಕಂಬದ ಮೇಲರ್ಧ ಸಲಿಕೆಯ ಸಮೇತ ನುಣ್ಣಗೆ ಜಾರಿ ಅವಳ ಮೊಣಕಾಲಿಗೆ ಬಂದು ಬಿತ್ತು.

ಕಶ್ಯಪ್ ಬಿದ್ದ ಹಿಮವನ್ನು ನೋಡಿದ, ತಲೆ ಎತ್ತಿ ಇಳಿಜಾರನ್ನು ನೋಡಿದ. "ಇಷ್ಟು ಮೆಲ್ಲಗೆ ತಟ್ಟಿದ್ದಕ್ಕೇ ಹಿಂಗಾ?" ಅವನ ದನಿ ಅಡಗಿಹೋಗಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವನೇ ಅಂದ: "ಬೇಡ ಅಕ್ಕಾ. ಬೇಡ."

ಶಾಮಲಾ ತಟ್ಟಿದ ಕೈಯನ್ನು ಕಂಕುಳಲ್ಲಿ ಅವುಚಿಕೊಂಡಳು. ಅದು ಚಳಿಗೆಂದೇ ಅವನು ತಿಳಿದ.