ಪೆಟ್ಟು ತಿನ್ನುವ ಕೈಪಟ್ಟಿ

"ಪೆಟ್ಟು ಯಾರಿಗೆ ಬೀಳ್ಬೇಕು ಸಾರ್?" ಎಂದು ವಿಡಿಯೊ ಗೇಮ್ ಅಂಗಡಿಯವನು ಚಪ್ಪಲಿಯ ಸೈಜು ಕೇಳುವಂತೆ ಕೇಳಿದ. ಗೇಮಿನಲ್ಲಿ ಬಿದ್ದ ಏಟು ಮನೆಯವರಲ್ಲಿ ಒಬ್ಬರ ಮೈಗೆ ಬೀಳದೆ ಯಾವ ಕನ್ಸೋಲೂ ಓಡುತ್ತಿರಲಿಲ್ಲ. ಒಂದು ಮಾಡೆಲ್ಲಿನಲ್ಲಿ ಆಡಿದವರಿಗೇ ಬೀಳುತ್ತಿತ್ತು, ಇನ್ನೊಂದರಲ್ಲಿ ಕೈಪಟ್ಟಿ ಕಟ್ಟಿಕೊಂಡವರಿಗೆ.

"ಪಟ್ಟಿ ಇರೋದೇ ಕೊಡಿ. ಇವಳಿಗೆ ಅಭ್ಯಾಸ ಇದೆ," ಎಂದ ಜಯದೇವ, ಹೆಂಡತಿಯತ್ತ ನೋಡದೆ.

ಶಾಂತಲ ಪಟ್ಟಿ ಕಟ್ಟಿಕೊಂಡಳು. ಏಳು ವರ್ಷದ ಮಗಳು ಪೂರ್ವಿ ಆಡಿ ನೋಡಲು ಕೂತಳು. ಪರದೆಯ ದೈತ್ಯ ಗದೆ ಬೀಸಿದ್ದೇ ತಡ, ಶಾಂತಲಳ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಅದನ್ನು ಕಂಡು ಪೂರ್ವಿ ಹೆದರಿ ಆಡುವುದನ್ನೇ ನಿಲ್ಲಿಸಿದಳು. ದೈತ್ಯ ನಿಲ್ಲಿಸಲಿಲ್ಲ. ಪಕ್ಕೆಗೊಂದು ಬಿತ್ತು, ಮೊಣಕಾಲಿಗೊಂದು ಬಿತ್ತು. ಶಾಂತಲ ಗಾಜಿನ ಕೌಂಟರಿಗೆ ಬಡಿದು ಕುಸಿದಳು.

"ಸುಮ್ನೆ ನಿಂತ್ರೆ ಇನ್ನೂ ಬೀಳತ್ತೆ ಪುಟ್ಟಿ," ಎಂದಳು ನೆಲದಿಂದಲೇ. ಹತ್ತು ವರ್ಷದಿಂದ ಮನೆಯಲ್ಲಿ ತಾನು ಮಾಡಿದ್ದೂ ಅದನ್ನೇ. "ತಿರುಗಿಸಿ ಹೊಡಿ."

ಪೂರ್ವಿ ಹೊಡೆದಳು. ದೈತ್ಯನ ತಲೆ ಚೂರಾಗುವವರೆಗೂ ಹೊಡೆದಳು.

"ಭೇಷ್, ಪ್ಯಾಕ್ ಮಾಡಿ," ಎಂದು ಜಯದೇವ ನಕ್ಕ.

ಪೂರ್ವಿ ಅಮ್ಮನ ಮುಂಗೈಯಿಂದ ಪಟ್ಟಿ ಬಿಚ್ಚಿ, ರಕ್ತವನ್ನು ಲಂಗಕ್ಕೆ ಒರೆಸಿ, ಅಂಗಡಿಯವನತ್ತ ಹಿಡಿದಳು.

"ಅಂಕಲ್, ಇದು ಅಪ್ಪನ ಕೈಗೂ ಆಗತ್ತಾ?"