ಬಾಡೂಟದ ರಟ್ಟು

ಕಾದಂಬರಿಗೆ ನಿಷೇಧ ಬಿದ್ದ ದಿನ ಊರಿನ ಅಂಗಡಿಗಳಲ್ಲಿದ್ದ ಪ್ರತಿಗಳನ್ನೆಲ್ಲ ಪೊಲೀಸರು ಸುಟ್ಟರು. ಉಳಿದದ್ದು ಗ್ರಂಥಾಲಯದ ಒಂದೇ ಪ್ರತಿ. ಗ್ರಂಥಪಾಲಕಿ ಅದನ್ನು ಬೈಂಡಿಂಗಿನವನ ಕೈಗಿಟ್ಟಳು.

"ಹರಿದುಹೋಗಿರೋ ಆ 'ಮನೆಮನೆಯ ಬಾಡೂಟ' ಇದೆಯಲ್ಲ, ಅದರ ರಟ್ಟು ಇದಕ್ಕೆ ಹಾಕಪ್ಪ. ಗಂಡಸರು ಕೈಯಿಡದ ಕಪಾಟು ಅಂದ್ರೆ ಅಡುಗೇದು ಒಂದೇ."

ಎರಡು ವರ್ಷ ಅದನ್ನು ನಂಬಿಕೆಯವರಿಗೆ ಮಾತ್ರ ಕೊಟ್ಟು ಓದಿಸಿದಳು. ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಇವತ್ತು ಮಧ್ಯಾಹ್ನ ಜೀಪು ಬಂತು. ಇನ್ಸ್‌ಪೆಕ್ಟರ್ ಅತ್ತಿತ್ತ ನೋಡದೆ ಅಡುಗೆಯ ಕಪಾಟಿಗೇ ನಡೆದ.

"ಅಲ್ಲಿ ಬರೀ ಸಾರು, ಪಲ್ಯ ಸಾರ್," ಎಂದಳು.

"ಗೊತ್ತು ಮೇಡಂ."

ಅವನ ಕೈ ನೇರವಾಗಿ ಅದೇ ಪುಸ್ತಕದ ಮೇಲೆ ಬಿತ್ತು. ಬಿಡಿಸಿಯೂ ನೋಡದೆ ಗೋಣಿಚೀಲಕ್ಕೆ ಎಸೆದ.

ಓದಿದವರ ಮುಖಗಳೆಲ್ಲ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ತಡೆಯಲಾಗದೆ ಕೇಳಿಯೇಬಿಟ್ಟಳು.

"ನಿಮಗೆ ಯಾರು ಹೇಳಿದ್ರು ಸಾರ್?"

"ಹೇಳೋದೇನು ಮೇಡಂ, ರಟ್ಟಿನ ಮೇಲೇ ಬರೆದಿದೆಯಲ್ಲ. ಇವತ್ತಿಂದ ಬಾಡೂಟದ ಪುಸ್ತಕಾನೂ ಬ್ಯಾನು."