ಆರು ಬೆರಳಿನ ಅವ್ವ

“ಈ ಕೈ ಯಾರ್ದು?”

ಗಂಗಕ್ಕ ಯಾರನ್ನೂ ನೋಡದೆ ಕೇಳಿದಳು. ನೀರುಣಿಸಿದ ಹುಲ್ಲಿನ ನಡುವೆ ಎದೆಯೆತ್ತರದ ಕಲ್ಲೊಂದು ನಿಂತಿತ್ತು. ಕೆತ್ತಿದ ಕಂಬದಿಂದ ಮೇಲೆದ್ದ ಒಂದು ಬಲಗೈ, ಮುಂಗೈ ತುಂಬ ಬಳೆ, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು. ಆ ಆರನೆಯ ಬೆರಳಿಗೆ ತೋಟದ ಕಾವಲುಗಾರನ ಊಟದ ಚೀಲ ತೂಗುತ್ತಿತ್ತು.

ಹಿಂದೂಪುರದಲ್ಲಿ ಬಾಡಿಗೆಗೆ ಸುಮೋ ಓಡಿಸುವ ತಿರುಮಲೇಶ, ದಿನವೂ ಬೆಂಗಳೂರಿನ ಪ್ರವಾಸಿಗಳನ್ನು ಕರೆದೊಯ್ಯುವ ದಾರಿಯಲ್ಲೇ ಆ ದಿನ ತಾನು ಮದುವೆಯಾಗಲಿರುವ ಪದ್ಮಲತಾಳನ್ನೂ ಅವಳ ಮನೆಯವರನ್ನೂ ಸುತ್ತಾಡಿಸುತ್ತಿದ್ದ. ಬೆಳಿಗ್ಗೆ ಲೇಪಾಕ್ಷಿ, ಆಮೇಲೆ ಕೋಟೆಗೋಡೆ ಅಷ್ಟಿಷ್ಟು ಉಳಿದಿರುವ ಎರಡು ಹಳೆಯ ಊರು, ಕೊನೆಗೆ ಯಾರೋ ಸಿರಿವಂತರು ಮಾಡಿಸಿದ ಈ ಶಿಲ್ಪಗಳ ತೋಟ. “ಅತ್ತೆ ಬಂದ್ರೇನೇ ನಾನು ಬರಾದು” ಎಂದು ಪದ್ಮಲತಾ ಹಟ ಹಿಡಿದದ್ದರಿಂದ ಗಂಗಕ್ಕನಿಗೂ ಹಿಂದಿನ ಸೀಟು ಸಿಕ್ಕಿತ್ತು. ತೋಟದ ಗೇಟು ಕಂಡಾಗ ಗಂಗಕ್ಕನ ತಮ್ಮ, ಪದ್ಮಲತಾಳ ಅಪ್ಪ ನರಸಿಂಹಯ್ಯ ಮಾತ್ರ ಗಾಡಿ ಇಳಿಯಲಿಲ್ಲ. “ಕಲ್ಲೇನಪ್ಪ ನೋಡಾದು, ನಮ್ಮ ಹೊಲದಾಗೆ ಬಿತ್ತಿದ್ದಕ್ಕಿಂತ ಅವೇ ಜಾಸ್ತಿ. ಹೊತ್ತಾಯ್ತು, ನಡೀರಿ” ಎಂದಿದ್ದ.

ಕಲ್ಯಾಣದುರ್ಗದ ಹತ್ತಿರ, ಬ್ರಹ್ಮಸಮುದ್ರದ ಕಡೆಯ ಅವರ ಊರಿನ ಕೆರೆ ಏರಿಯ ಮೇಲೆ ಇಂಥದೇ ಒಂದು ಕಲ್ಲಿತ್ತು. ಎಂದೋ ಗಂಡನ ಚಿತೆ ಏರಿದ ಅವರ ಮನೆತನದ ಹೆಣ್ಣು, ಮಾಸ್ತಮ್ಮ. ಅವಳಿಗೆ ಅರಿಸಿನ ಹಚ್ಚಿ, ಮುಂದೆ ನಿಂತು ಹಾಡದೆ ಆ ಮನೆಯಲ್ಲಿ ಮದುವೆಯ ಚಪ್ಪರ ಏಳುತ್ತಿರಲಿಲ್ಲ. ಹಾಡುತ್ತಿದ್ದವಳು ಗಂಗಕ್ಕ.

ಬಲಗೈಯ ಎತ್ಯಾಳೆ ಬಳೆ ತುಂಬ ತೊಟ್ಟಾಳೆ
ನಿಂಬೆಯ ಹಣ್ಣ ಹಿಡಿದಾಳೆ – ನಮ್ಮವ್ವ
ಆರು ಬೆರಳೆತ್ತಿ ಹರಸ್ಯಾಳೆ

ಗಂಡ ಸತ್ತ ವರ್ಷ, ಹೋಗಬೇಡವೆಂದರೂ ಕೇಳದೆ, ಒಂದು ಸಂಜೆ ಅವಳು ಅವ್ವನ ಕಲ್ಲಿಗೆ ಹಣೆ ಹಚ್ಚಿ ಬಂದಳು. ಬೆಳಗಾದರೆ ಕಲ್ಲಿಲ್ಲ. ಮುಂಡೆಯ ಮೈಗಾಳಿ ತಾಗಿ ಅವ್ವ ಮುನಿದು ಕೆರೆಗಿಳಿದಳು ಎಂದಿತು ಊರು. ಕೆಸರಿನಲ್ಲಿ ನೀರಿನ ಕಡೆಗೆ ಹೋದ ಹೆಜ್ಜೆಗಳನ್ನು ಕಣ್ಣಾರೆ ಕಂಡೆನೆಂದವನು ನರಸಿಂಹಯ್ಯ. ಅಂದಿನಿಂದ ಅರಿಸಿನ ಕಲ್ಲು ನಿಂತಿದ್ದ ಬರಿಯ ಕಟ್ಟೆಗೆ, ಹಾಡು ಬೇರೆಯವರ ಬಾಯಿಗೆ. ಮದುವೆಯೆಂದರೆ ಗಂಗಕ್ಕ ಕೊಟ್ಟಿಗೆಯಲ್ಲಿ ನಿಂತು ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದಳು. ಹೊರಗಿನವರು ಪದ ತಪ್ಪಿದಲ್ಲಿ ಅವಳು ತಪ್ಪುತ್ತಿರಲಿಲ್ಲ.

“ಆ ಚೀಲ ತೆಗಿಯಪ್ಪ” ಎಂದಳು ಕಾವಲುಗಾರನಿಗೆ.

ಅವನು ನಗುತ್ತ ಚೀಲ ತೆಗೆದ. “ಇದೇನು ಗುಡಿ ಅಲ್ಲಮ್ಮಾ, ಷೋಗೆ ಇಟ್ಟಿರೋದು. ಇದು ಕಲ್ಯಾಣದುರ್ಗದ ಕಡೇದು. ಟ್ರ್ಯಾಕ್ಟರ್‌ನಾಗೆ ಹುಲ್ಲು ಮುಚ್ಕಂಡು ಬಂತು.” ಅಷ್ಟರಲ್ಲಿ ಅಕ್ಕನನ್ನು ಕರೆಯಲು ಬಂದ ನರಸಿಂಹಯ್ಯ ಅವನ ಕಣ್ಣಿಗೆ ಬಿದ್ದ. ಕಾವಲುಗಾರನ ಮುಖ ಅರಳಿತು. “ಏಮನ್ನಾ ನರಸಿಂಹಯ್ಯನ್ನಾ! ಮಳ್ಳೀ ರಾಯಿ ತೆಚ್ಚಿನಾವಾ?”

ಮತ್ತೆ ಕಲ್ಲು ತಂದೆಯಾ ಎಂಬ ಆ ಮಾತಿಗೆ ನರಸಿಂಹಯ್ಯ ನಿಂತಲ್ಲೇ ನಿಂತ. ಗಂಗಕ್ಕ ಕಲ್ಲನ್ನು ನೋಡಿದಳು, ತಮ್ಮನನ್ನು ನೋಡಿದಳು, ಮತ್ತೆ ಕಲ್ಲನ್ನು ನೋಡಿದಳು.

“ಹೆಜ್ಜೆ ಕಂಡೆ ಅಂದ್ಯಲ್ಲಾ. ಯಾರ ಹೆಜ್ಜೆಲಾ ಅವು?”

“ಮೆಲ್ಲಗೆ ಮಾತಾಡಕ್ಕ, ಅಳಿಯ ಆಗೋನು ಅಲ್ಲೇ ಅವ್ನೆ.” ಅವನು ಅವಳ ಕಿವಿಗೆ ಬಾಗಿದ. “ಏನೋ ಬುದ್ಧಿ ಕೆಟ್ಟಿತ್ತು, ಮಾರ್ಬುಟ್ಟೆ. ಊರೋರು ಹಂಗೆ ನಿನ್ನ ಮ್ಯಾಲೆ ಹಾಕ್ತಾರೆ ಅಂತ ನಂಗೇನು ಗೊತ್ತಿತ್ತು? ಮದುವೆ ಮುಗಿಯೋಗಂಟ ಬಾಯಿ ಬಿಡಬ್ಯಾಡ. ಈ ಸಲ ಕಟ್ಟೆ ಮುಂದೆ ನೀನೇ ನಿಂತ್ಕ, ನೀನೇ ಹಾಡು. ಯಾರು ಏನಂತಾರೋ ನಾನು ನೋಡ್ಕತೀನಿ.”

ಕೊಟ್ಟಿಗೆಯಲ್ಲಿ ನಿಂತು ಇಷ್ಟು ವರ್ಷ ಅವಳು ಅವ್ವನನ್ನು ಬೇಡಿಕೊಂಡದ್ದು ಅದೊಂದನ್ನೇ. ಒಮ್ಮೆ ಮುಂದೆ ನಿಂತು ಹಾಡುವುದು. ಅದೂ ತಾನೇ ಎತ್ತಿ ಆಡಿಸಿದ ಪದ್ಮಲತಾಳ ಚಪ್ಪರಕ್ಕೆ. ಗಂಗಕ್ಕ ಸೆರಗಿನ ತುದಿಯಿಂದ ಆರನೆಯ ಬೆರಳಿಗಂಟಿದ್ದ ಸಾರಿನ ಕಲೆ ಒರೆಸತೊಡಗಿದಳು. ಕಲೆ ಹೋಗಲಿಲ್ಲ.

“ಅಪ್ಪಾ, ಅತ್ತೇ, ಆ ಕೈ ಹತ್ರ ಇಬ್ರೂ ನಿಂತ್ಕಳ್ರಿ! ಇವ್ರ ಫೋನ್‌ನಾಗೆ ಫೋಟೋನೂ ಬತ್ತದೆ!” ಪದ್ಮಲತಾ ಓಡಿಬಂದಳು. ಹಿಂದೆಯೇ ಬಂದ ತಿರುಮಲೇಶ ನಕ್ಕ. “ವಸಿ ನಗಿ ಮಾವ. ಇಲ್ದಿದ್ರೆ ಆಮ್ಯಾಲೆ ಕಲ್ಲು ಯಾವ್ದು, ನೀವು ಯಾವ್ದು ಅಂತ ಗೊತ್ತಾಗಕಿಲ್ಲ.”

ನರಸಿಂಹಯ್ಯ ಮುಖದ ಮೇಲೆ ನಗು ತಂದುಕೊಂಡು ಅಕ್ಕನ ಸೆರಗು ಹಿಡಿದ. “ನಿಂತ್ಕಳಕ್ಕ. ನಿನ್ ಕಾಲಿಗೆ ಬೀಳ್ತೀನಿ, ಸುಮ್ಕೆ ನಿಂತ್ಕ.”

ಗಂಗಕ್ಕ ಸೆರಗು ಬಿಡಿಸಿಕೊಂಡು ಆಚೆ ಸರಿದಳು.

“ನಾನು ನಿಂತ್ಕಳಕಿಲ್ಲ ಕಣಮ್ಮ. ನಿಮ್ಮಪ್ಪನ್ನೇ ನಿಲ್ಸಿ, ಆರೂ ಬೆರಳು ಕಾಣಂಗೆ ಫೋಟೋ ತಕ್ಕ. ಅವ್ವ ಕೆರೆಗಿಳ್ದ ಹೆಜ್ಜೆ ಕಂಡೋನು ಅವನೊಬ್ಬನೇ.”